ಹಿತ್ತಲಿಗೆ ಪರ್ಪಲ್ ಮಾರ್ಟಿನ್ ಬರಬೇಕೆ? ಹೊಸ ಕಾಲೊನಿ ಶುರು ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವಸಂತದಲ್ಲೂ ಓದುಗರಿಂದ ಇದೇ ಪ್ರಶ್ನೆ ಬರುತ್ತದೆ: "ಅಂಗಡಿಯಿಂದ ಬಿಳಿ ಬಣ್ಣದ ಮಾರ್ಟಿನ್ ಮನೆ ತಂದು ಕಂಬಕ್ಕೇರಿಸಿದ್ದೇವೆ. ಗುಬ್ಬಚ್ಚಿ ಬಿಟ್ಟು ಬೇರೆ ಯಾವ ಹಕ್ಕಿಯೂ ಬರುತ್ತಿಲ್ಲ. ಎಲ್ಲಿ ಎಡವಿದ್ದೇವೆ?" ವಿವರ ಕೇಳುತ್ತ ಹೋದರೆ ಕಾರಣ ಹೆಚ್ಚಾಗಿ ಈ ಮೂರರಲ್ಲೇ ಸಿಗುತ್ತದೆ: ಕಂಬ ನೆಟ್ಟ ಜಾಗ ಸರಿಯಿಲ್ಲ, ಬಾಗಿಲು ತೆರೆದ ಹೊತ್ತು ಸರಿಯಿಲ್ಲ, ಅಥವಾ ಗುಬ್ಬಚ್ಚಿಯನ್ನು ಯಾರೂ ತಡೆದಿಲ್ಲ. ಮನೆ ಎಷ್ಟು ದುಬಾರಿಯದು ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಈ ಲೇಖನ ಉತ್ತರ ಅಮೆರಿಕದಲ್ಲಿ, ಅದರಲ್ಲೂ ರಾಕಿ ಪರ್ವತಗಳ ಪೂರ್ವಕ್ಕೆ ನೆಲೆಸಿರುವ ಕನ್ನಡಿಗರಿಗೆ. ನ್ಯೂಜೆರ್ಸಿ, ಉತ್ತರ ಕೆರೊಲಿನಾ, ಟೆಕ್ಸಸ್, ಇಲಿನಾಯ್, ದಕ್ಷಿಣ ಒಂಟಾರಿಯೊ, ಎಲ್ಲರಿಗೂ ಇದು ಅನ್ವಯಿಸುತ್ತದೆ. ಪಶ್ಚಿಮದ ಮಾರ್ಟಿನ್‌ಗಳ ರೀತಿಯೇ ಬೇರೆ. ಅವುಗಳಲ್ಲಿ ಬಹಳಷ್ಟು ಇನ್ನೂ ಮರಕುಟಿಗ ಕೊರೆದ ಪೊಟರೆಗಳಲ್ಲಿ, ಅರಿಜೋನಾದಲ್ಲಾದರೆ ಸಗ್ವಾರೊ ಕಳ್ಳಿಯ ತೂತುಗಳಲ್ಲಿ ಮರಿ ಮಾಡುತ್ತವೆ. ಬೇ ಏರಿಯಾದವರು ಇದನ್ನು ಓದಿ ಖುಷಿಪಡಿ, ಕಂಬಕ್ಕೆ ಮಾತ್ರ ದುಡ್ಡು ಹಾಕಬೇಡಿ.

ಮೊದಲು ಹಕ್ಕಿಯ ಪರಿಚಯ. ನಮ್ಮೂರ ಕಡೆ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆಯ ಕುಟುಂಬಕ್ಕೇ ಪರ್ಪಲ್ ಮಾರ್ಟಿನ್ ಸೇರಿದೆ. ಉತ್ತರ ಅಮೆರಿಕದ ಕವಲುತೋಕೆಗಳಲ್ಲೆಲ್ಲ ಇದೇ ದೊಡ್ಡದು, ಉದ್ದ ಎಂಟು ಇಂಚಿನ ಆಸುಪಾಸು. ಬೆಳೆದ ಗಂಡು ತಲೆಯಿಂದ ಹೊಟ್ಟೆಯವರೆಗೆ ಕಡುನೀಲಿಗಪ್ಪು, ಬಿಸಿಲು ಬಿದ್ದರೆ ಮಿರಮಿರ ಮಿಂಚುತ್ತದೆ. ಹೆಣ್ಣಿನ ಎದೆ, ಹೊಟ್ಟೆ ಬೂದು. ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ, ಹೆಚ್ಚಾಗಿ ಬ್ರೆಜಿಲ್‌ನಲ್ಲಿ ಕಳೆದು ವಸಂತಕ್ಕೆ ಉತ್ತರದತ್ತ ಹಾರಿಬರುತ್ತದೆ. 2007ರಲ್ಲಿ ಪೆನ್ಸಿಲ್ವೇನಿಯಾದ ಕೆಲವು ಹಕ್ಕಿಗಳ ಬೆನ್ನಿಗೆ ಜಾಡು ದಾಖಲಿಸುವ ಪುಟ್ಟ ಸಾಧನ ಕಟ್ಟಿ ನೋಡಿದಾಗ, ಒಂದು ಹೆಣ್ಣು ಅಮೆಜಾನ್ ಸೀಮೆಯಿಂದ ಸುಮಾರು 7,500 ಕಿ.ಮೀ. ದೂರವನ್ನು 13 ದಿನಗಳಲ್ಲಿ ಕ್ರಮಿಸಿ ಗೂಡಿಗೆ ಮರಳಿತ್ತು.

ಪೂರ್ವ ಭಾಗದ ಮಾರ್ಟಿನ್‌ಗಳು ಈಗ ಹೆಚ್ಚೂಕಡಿಮೆ ಪೂರ್ತಿಯಾಗಿ ಮನುಷ್ಯರು ಒದಗಿಸಿದ ಮನೆಗಳನ್ನೇ ನಂಬಿವೆ. ಈ ಒಡನಾಟ ಹಳೆಯದು. ಚಾಕ್ಟಾ, ಚಿಕಸಾ ಮೊದಲಾದ ಮೂಲನಿವಾಸಿಗಳು ತಮ್ಮ ಬಿಡಾರದ ಬಳಿ ಒಣಗಿದ ಸೋರೆಬುರುಡೆಗಳನ್ನು ತೂಗುಹಾಕಿ ಇವನ್ನು ಕರೆಸಿಕೊಳ್ಳುತ್ತಿದ್ದರು. ಹೀಗೆ ಮಾರ್ಟಿನ್‌ಗೆ ಮನೆ ಕೊಟ್ಟು ನೋಡಿಕೊಳ್ಳುವವರನ್ನು ಇಲ್ಲಿನವರು "ಲ್ಯಾಂಡ್‌ಲಾರ್ಡ್" ಎನ್ನುತ್ತಾರೆ, ಅಂದರೆ ಮನೆ ಮಾಲೀಕರು. ಬಾಡಿಗೆಯೊಂದು ಬರುವುದಿಲ್ಲ, ಮಾಲೀಕರ ತಾಪತ್ರಯಗಳೆಲ್ಲ ಇವೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಸೊಳ್ಳೆ ಕಾಟ ಹೋಗುತ್ತದೆ ಎಂದುಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಮಾರಾಟಗಾರರು ಈಗಲೂ ಡಬ್ಬದ ಮೇಲೆ ಅಚ್ಚು ಹಾಕುತ್ತಾರೆ, ಆದರೆ ಮಾರ್ಟಿನ್ ಹಗಲಲ್ಲಿ ಎತ್ತರದಲ್ಲಿ ಹಾರುತ್ತ ಬೇಟೆಯಾಡುತ್ತದೆ. ಸೊಳ್ಳೆ ಓಡಾಡುವುದು ಮುಸ್ಸಂಜೆಯ ಮೇಲೆ, ನೆಲದ ಹತ್ತಿರ. ಎರಡೂ ಎದುರಾಗುವುದೇ ಅಪರೂಪ. ಮಾರ್ಟಿನ್ ತಿನ್ನುವುದು ಏರೋಪ್ಲೇನ್ ಚಿಟ್ಟೆ, ದುಂಬಿ, ನೊಣ, ಪತಂಗ, ರೆಕ್ಕೆ ಇರುವೆಗಳನ್ನು.

ಹಂತ 1: ಜಾಗ ನೋಡಿ, ಆಮೇಲೆ ಮನೆ ಕೊಳ್ಳಿ

ಈ ಹಂತದಲ್ಲಿ ಸೋತರೆ ಮುಂದಿನ ಯಾವ ಹಂತವೂ ಕೈಹಿಡಿಯುವುದಿಲ್ಲ. ಮಾರ್ಟಿನ್ ಬಯಲ ಹಕ್ಕಿ. ತೇಲಿಕೊಂಡು ಬಂದು ಗೂಡಿಗೆ ಇಳಿಯಲು ಅದಕ್ಕೆ ತೆರೆದ ಆಕಾಶ ಬೇಕು. ಮರದಲ್ಲಿ ಅಡಗಿ ಕೂತು ಎರಗುವ ಕೂಪರ್ಸ್ ಹಾಕ್‌ನಂಥ ಗಿಡುಗಗಳನ್ನು ದೂರದಿಂದಲೇ ಕಾಣಲೂ ಅದೇ ಬಯಲು ಬೇಕು.

ಅಳತೆ ಹೀಗಿದೆ. ಕಂಬದ ಸುತ್ತ ಕನಿಷ್ಠ 40 ಅಡಿಯೊಳಗೆ ಮನೆಗಿಂತ ಎತ್ತರದ ಮರ ಇರಬಾರದು. 60 ಅಡಿ ಸಿಕ್ಕರೆ ಇನ್ನೂ ಒಳ್ಳೆಯದು. ಹಾಗೆಂದು ಹಿತ್ತಲಿನ ದೂರದ ಮೂಲೆಗೆ ಒಯ್ದು ನೆಡಬೇಡಿ. ಜನ ಓಡಾಡುವ ಕಡೆ ಗಿಡುಗ, ಗೂಬೆಗಳ ಹಾವಳಿ ಕಡಿಮೆ ಎಂಬುದು ಮಾರ್ಟಿನ್‌ಗೆ ಗೊತ್ತಿದೆ. ನಿಮ್ಮ ಮನೆಯಿಂದ 30ರಿಂದ 120 ಅಡಿ ದೂರದೊಳಗೆ ಕಂಬವಿರಲಿ, ಅಡುಗೆಮನೆ ಕಿಟಕಿಯಿಂದ ಕಾಣುವಂತಿದ್ದರೆ ನಿಮಗೂ ಕಾವಲು ಸುಲಭ. ಹತ್ತಿರ ವಿದ್ಯುತ್ ತಂತಿ ಇದ್ದರೆ ಕೂರಲು ಅನುಕೂಲ. ಕೆರೆಯೋ ಮಳೆನೀರು ನಿಲ್ಲುವ ಕೊಳವೋ ಇದ್ದರೆ ಹುಳುಹುಪ್ಪಟೆ ಹೆಚ್ಚು, ಆದರೆ ಅದು ಇರಲೇಬೇಕೆಂದಿಲ್ಲ. ಕಂಬದ ಬುಡದಲ್ಲಿ ಪೊದೆ, ಬಳ್ಳಿ ಮಾತ್ರ ಬೇಡ, ಅದು ಹಾವಿಗೆ ಏಣಿ.

ಟೌನ್‌ಹೌಸ್‌ನ ಹಿಂದೆ ಅಂಗೈಯಗಲ ಹಿತ್ತಲು, ಅದರಾಚೆ ಓಕ್ ಮರಗಳ ಸಾಲು: ಹೀಗಿದ್ದರೆ ಮಾರ್ಟಿನ್ ಆಸೆಯನ್ನು ಕೈಬಿಡುವುದೇ ಲೇಸು. ಅಂಥ ಜಾಗಕ್ಕೆ ಬರುವ ಬೇರೆ ಹಕ್ಕಿಗಳು ಬೇಕಾದಷ್ಟಿವೆ. ಹಟ ಇದ್ದವರು ಬೇರೆ ಬಯಲು ಹುಡುಕಬಹುದು. ಊರಾಚೆ ಕಟ್ಟಿದ ಎಷ್ಟೋ ದೇವಸ್ಥಾನಗಳಿಗೆ ವಿಶಾಲ ಹುಲ್ಲುಹಾಸು, ಪಕ್ಕದಲ್ಲೊಂದು ನೀರಿನ ಹೊಂಡ ಇರುತ್ತದೆ. ಆಡಳಿತ ಮಂಡಳಿಯನ್ನು ಕೇಳಿ ನೋಡಿ. ಕಮ್ಯುನಿಟಿ ಗಾರ್ಡನ್‌ನಲ್ಲೂ ಆಗುತ್ತದೆ.

ಇದೇ ಹಂತದಲ್ಲಿ ಇನ್ನೂ ಮೂರು ಕೆಲಸ ಮುಗಿಸಿ. ಒಂದು, ನಿಮ್ಮ ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಕಂಬಕ್ಕೆ ಒಪ್ಪುತ್ತದೆಯೇ ಎಂದು ಬರಹದಲ್ಲಿ ಕೇಳಿ. ಬಾಯಿಮಾತಿನ ಒಪ್ಪಿಗೆ ಮುಂದಿನ ಚುನಾವಣೆಯವರೆಗೆ ಮಾತ್ರ. ಎರಡು, ಗುಂಡಿ ತೋಡುವ ಕೆಲವು ದಿನ ಮೊದಲು ಅಮೆರಿಕದಲ್ಲಾದರೆ 811ಕ್ಕೆ ಕರೆ ಮಾಡಿ. ಗ್ಯಾಸ್, ವಿದ್ಯುತ್, ಕೇಬಲ್ ಎಲ್ಲಿ ಹಾದಿದೆ ಎಂದು ಉಚಿತವಾಗಿ ಗುರುತು ಹಾಕಿ ಹೋಗುತ್ತಾರೆ. ಮೂರು, ಕಾರ್ನೆಲ್ ವಿಶ್ವವಿದ್ಯಾಲಯದ ಇಬರ್ಡ್, ಅಂದರೆ ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ, ಅದರ ನಕ್ಷೆಯಲ್ಲಿ ನಿಮ್ಮೂರಿನ ಮಾರ್ಟಿನ್ ದಾಖಲೆ ಹುಡುಕಿ. ಕೆಲವೇ ಮೈಲಿ ದೂರದಲ್ಲಿ ಕಾಲೊನಿ, ಅಂದರೆ ಹಲವು ಮಾರ್ಟಿನ್ ಜೋಡಿಗಳು ಒಟ್ಟಿಗೆ ಗೂಡು ಮಾಡುವ ಜಾಗ, ಇದ್ದರೆ ನಿಮ್ಮ ಅದೃಷ್ಟ ಅರ್ಧ ಖುಲಾಯಿಸಿತು. ಅದನ್ನು ನೋಡಿಕೊಳ್ಳುವ ಲ್ಯಾಂಡ್‌ಲಾರ್ಡನ್ನು ಹೋಗಿ ಮಾತಾಡಿಸಿ. ಈ ಹವ್ಯಾಸದವರು ಸಾಮಾನ್ಯವಾಗಿ ನಿವೃತ್ತರು, ಮಾತುಗಾರರು. ನಿಮ್ಮೂರಿಗೆ ಹಕ್ಕಿ ಯಾವ ವಾರ ಬರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಹಂತ 2: ಪೆಟ್ಟಿಗೆಯೋ, ಬುರುಡೆಯೋ

ಮಾರ್ಟಿನ್ ಮನೆ ಎರಡು ಬಗೆ. ಒಂದು, ಅಪಾರ್ಟ್‌ಮೆಂಟ್ ಥರ ಹಲವು ಕೋಣೆಗಳಿರುವ ಅಲ್ಯುಮಿನಿಯಂ, ಮರ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆ. ಇನ್ನೊಂದು, ಕಮಾನಿನಿಂದ ತೂಗುಬಿಟ್ಟ ಬುರುಡೆಗಳು. ನನ್ನ ಮತ ಬುರುಡೆಗೆ. ಒಳಗೆ ಜಾಗ ಹೆಚ್ಚು, ಗಾಳಿಗೆ ತೂಗುವುದರಿಂದ ಬೇಟೆಗಾರರಿಗೆ ಹಿಡಿತ ಸಿಗುವುದಿಲ್ಲ, ನಾಲ್ಕರಿಂದ ಶುರು ಮಾಡಿ ವರ್ಷ ವರ್ಷ ಹೆಚ್ಚಿಸುತ್ತ ಹೋಗಬಹುದು.

ಪೆಟ್ಟಿಗೆಯೇ ಬೇಕೆನ್ನುವವರು ಕೋಣೆಯ ಅಳತೆ ನೋಡಿ ಕೊಳ್ಳಿ. ಹಳೆಯ ಮಾದರಿಯಲ್ಲಿ 6 ಇಂಚು ಅಗಲ, 6 ಇಂಚು ಆಳ. ಐದಾರು ಮರಿಗಳಿಗೆ ಅದು ಇಕ್ಕಟ್ಟು, ಮಳೆ ಎರಚಲು ಒಳಗೆ ಬರುತ್ತದೆ, ಗೂಬೆಯ ಕಾಲು ಹಿಂಗೋಡೆಯವರೆಗೂ ಎಟುಕುತ್ತದೆ. ಆಳ 12 ಇಂಚು ಇರುವುದನ್ನೇ ತನ್ನಿ. ಬಣ್ಣ ಬಿಳಿಯೇ ಇರಲಿ, ಬೇಸಿಗೆಯಲ್ಲಿ ಒಳಗೆ ಕಾವು ಕಡಿಮೆ.

ಬುರುಡೆ ಎಂದರೆ ನಮ್ಮ ಸೋರೆಯೇ. ಇಲ್ಲಿ ಹಕ್ಕಿ ಮನೆಗೆಂದು ಬೆಳೆಯುವ ಸೋರೆ ಮತ್ತು ನಾವು ಪಲ್ಯ, ಮಜ್ಜಿಗೆಹುಳಿಗೆ ಹೆಚ್ಚುವ ಸೋರೆಕಾಯಿ ಒಂದೇ ಜಾತಿ, ತಳಿ ಮಾತ್ರ ಬೇರೆ. ತಂಬೂರಿಯ ಬುರುಡೆ ನೋಡಿ ಬೆಳೆದವರಿಗೆ ಕಾಯಿ ಹೇಗೆ ಬಲಿತು ಒಣಗಬೇಕು ಎಂದು ಹೇಳಿಕೊಡಬೇಕಿಲ್ಲ. ತರಕಾರಿ ತಳಿಯ ಉದ್ದ ಕಾಯಿ ಇದಕ್ಕೆ ಬರುವುದಿಲ್ಲ. ಕೆಳಗೆ ದುಂಡನೆ ಹೊಟ್ಟೆ, ಮೇಲೆ ಕುತ್ತಿಗೆ ಇರುವ "ಬರ್ಡ್‌ಹೌಸ್" ತಳಿಯ ಬೀಜ ತನ್ನಿ. ಹೊಟ್ಟೆಯ ಅಡ್ಡಳತೆ 8ರಿಂದ 13 ಇಂಚಿನೊಳಗೆ ಬರಬೇಕು.

ಕಾಯಿ ಬಳ್ಳಿಯಲ್ಲೇ ಬಲಿಯಲಿ. ಹಿಮ ಬಿದ್ದು ಬಳ್ಳಿ ಒಣಗಿದ ಮೇಲೆ ಸ್ವಲ್ಪ ತೊಟ್ಟು ಬಿಟ್ಟು ಕೊಯ್ದು, ಗಾಳಿಯಾಡುವ ಕಡೆ ಒಂದಕ್ಕೊಂದು ತಾಗದ ಹಾಗೆ ಚಳಿಗಾಲ ಪೂರ್ತಿ ಇಡಿ. ಸಿಪ್ಪೆಯ ಮೇಲೆ ಕಪ್ಪು ಬೂಸು ಬಂದರೆ ಗಾಬರಿಯಾಗಿ ಎಸೆಯಬೇಡಿ, ಒಣಗುವ ರೀತಿಯೇ ಅದು. ಕೈಗೆತ್ತಿಕೊಂಡರೆ ಹಗುರಾಗಿದ್ದು, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಮೆತ್ತಗಾದದ್ದನ್ನು ಮಾತ್ರ ಎಸೆಯಿರಿ. ಆಮೇಲೆ ಬಿಸಿನೀರಿನಲ್ಲಿ ನೆನೆಸಿ ತಂತಿಯುಂಡೆಯಿಂದ ಉಜ್ಜಿದರೆ ಬೂಸಿನ ಪದರ ಕಿತ್ತುಬರುತ್ತದೆ. ಕೊರೆಯುವಾಗ, ಒಳಗಿನ ತಿರುಳು ಕೆರೆಯುವಾಗ ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ಗಂಟಲು, ಎದೆಗೆ ಒಳ್ಳೆಯದಲ್ಲ.

ಬಾಗಿಲು ಕೊರೆಯುವುದಕ್ಕೆ ಮೊದಲು ಬುರುಡೆಯನ್ನು ದಾರದಲ್ಲಿ ತೂಗುಬಿಟ್ಟು ನೋಡಿ. ಅದು ಹೇಗೆ ವಾಲಿ ನಿಲ್ಲುತ್ತದೋ ಆ ಭಂಗಿಯಲ್ಲಿ ಹೊಟ್ಟೆಯ ಅತಿ ಅಗಲದ ಗೆರೆಯ ಮೇಲೆ ಗುರುತು ಹಾಕಿ. ಬಾಗಿಲು ನೇರ ಎದುರಿಗೆ ನೋಡಬೇಕು. ಆಕಾಶ ನೋಡಿದರೆ ಮಳೆ ಒಳಗೆ, ನೆಲ ನೋಡಿದರೆ ಮರಿ ಹೊರಗೆ. ತಳದಲ್ಲಿ ನೀರು ಇಳಿಯಲು ಐದಾರು ಸಣ್ಣ ತೂತು, ಕುತ್ತಿಗೆಯಲ್ಲಿ ತಂತಿ ಪೋಣಿಸಲು ಎರಡು. ಕೊನೆಗೆ ಹೊರಗಡೆಗೆ ಮಾತ್ರ ಎರಡು ಕೈ ಬಿಳಿ ಎನಾಮಲ್ ಬಣ್ಣ.

ಇಷ್ಟು ತಾಳ್ಮೆ ಇಲ್ಲದವರಿಗೆ ಪ್ಲಾಸ್ಟಿಕ್ ಬುರುಡೆಗಳು ಸಿಗುತ್ತವೆ. ಪಕ್ಕದಲ್ಲಿ ತಿರುಗಿಸಿ ತೆಗೆಯುವ ಮುಚ್ಚಳ ಇರುವುದನ್ನೇ ಆರಿಸಿ, ಗೂಡು ನೋಡಲು ಅದು ಬೇಕೇಬೇಕು.

ಬಾಗಿಲಿನ ಆಕಾರದ ಬಗ್ಗೆ ಒಂದಿಷ್ಟು. ಹಳೆಯ ಪದ್ಧತಿ ಸುಮಾರು 2 1/8 ಇಂಚಿನ ದುಂಡು ತೂತು. ಅದರಲ್ಲಿ ಸ್ಟಾರ್ಲಿಂಗ್ ಸಲೀಸಾಗಿ ನುಗ್ಗುತ್ತದೆ. ಇದು ನಮ್ಮ ಗೊರವಂಕದ ಕುಟುಂಬದ ಹಕ್ಕಿ, ಜಗಳಗಂಟತನದಲ್ಲೂ ದಾಯಾದಿಯೇ. ಅದನ್ನು ತಡೆಯಲೆಂದು ಅರ್ಧಚಂದ್ರಾಕಾರದ ಬಾಗಿಲು ರೂಢಿಗೆ ಬಂದಿದೆ: ಅಗಲ 3 ಇಂಚು, ಎತ್ತರ 1 3/16 ಇಂಚು ಮಾತ್ರ. ಮಾರ್ಟಿನ್ ಮೈ ತಗ್ಗಿಸಿ ನುಸುಳುತ್ತದೆ, ದಪ್ಪ ಎದೆಯ ಸ್ಟಾರ್ಲಿಂಗ್ ಸಿಕ್ಕಿಕೊಳ್ಳುತ್ತದೆ. ಈ ಎತ್ತರದಲ್ಲಿ ಕೂದಲೆಳೆಯಷ್ಟು ಹೆಚ್ಚಾದರೂ ಸ್ಟಾರ್ಲಿಂಗ್ ಒಳಗೆ, ಕಡಿಮೆಯಾದರೆ ಮಾರ್ಟಿನ್ ಹೊರಗೆ. ಆದ್ದರಿಂದ ಕೈಯಲ್ಲಿ ಕತ್ತರಿಸಲು ಹೋಗದೆ ಸಿದ್ಧ ಫಲಕ ತಂದು ಕೂರಿಸಿ. ಬಾಗಿಲಿನ ಕೆಳಅಂಚು ಹೊರಗಿನ ಜಗಲಿಯ ಮಟ್ಟಕ್ಕೆ ಸಮವಾಗಿರಬೇಕು, ಹೆಚ್ಚೆಂದರೆ ಅರ್ಧ ಇಂಚು ಮೇಲೆ. ಎತ್ತರದಲ್ಲಿದ್ದರೆ ಮಾರ್ಟಿನ್‌ಗೇ ನುಸುಳಲಾಗದು. ಗುಬ್ಬಚ್ಚಿಗೆ ಮಾತ್ರ ಯಾವ ಬಾಗಿಲೂ ಅಡ್ಡಿಯಲ್ಲ, ಆ ಕಥೆ ಮುಂದಿದೆ.

ಹಂತ 3: ಕಂಬ ಮತ್ತು ಕಾವಲು

ಕಂಬದ ಎತ್ತರ 10ರಿಂದ 15 ಅಡಿ. ರಾಟೆ ಅಥವಾ ವಿಂಚ್ ಇದ್ದು, ಬಾವಿಯ ಕೊಡದ ಹಾಗೆ ಮನೆಯನ್ನು ನೆಟ್ಟಗೆ ಇಳಿಸಿ ಏರಿಸುವಂತಿರಬೇಕು. ಮಡಚಿ ವಾಲಿಸುವ ಕಂಬ ಬೇಡ, ಗೂಡಲ್ಲಿರುವ ಮೊಟ್ಟೆಯೆಲ್ಲ ಉರುಳುತ್ತದೆ. ಏಣಿ ಹತ್ತಿ ನೋಡುತ್ತೇನೆ ಎನ್ನುವವರು ಒಂದೆರಡು ವಾರ ನೋಡುತ್ತಾರೆ, ಆಮೇಲೆ ಬಿಡುತ್ತಾರೆ. ಬುಡಕ್ಕೆ ಕಾಂಕ್ರೀಟ್ ಹಾಕಿ. ರಾಟೆ, ಕಮಾನು ಸಹಿತ ಒಳ್ಳೆಯ ಕಂಬಕ್ಕೆ ಕೆಲವು ನೂರು ಡಾಲರ್ ಬೀಳುತ್ತದೆ. ಹಣ ಉಳಿಸುವುದಿದ್ದರೆ ಬುರುಡೆಯಲ್ಲಿ ಉಳಿಸಿ, ಕಂಬದಲ್ಲಿ ಬೇಡ.

ಕಂಬಕ್ಕೆ ನೆಲದಿಂದ 4–5 ಅಡಿ ಮೇಲೆ ಬ್ಯಾಫಲ್ ಕಟ್ಟಿ. ಬ್ಯಾಫಲ್ ಅಂದರೆ ಕಂಬವನ್ನು ಸುತ್ತುವರಿದ, ಕನಿಷ್ಠ ಎರಡು ಅಡಿ ಉದ್ದದ ಅಗಲ ತಗಡಿನ ಕೊಳವೆ. ಹತ್ತಿಬಂದ ರಕೂನ್, ಹಾವು ಅದರೊಳಗೆ ತಲೆ ತೂರಿಸಿ ದಾರಿ ಕಾಣದೆ ಇಳಿಯುತ್ತವೆ. "ನಮ್ಮ ಕಡೆ ರಕೂನ್ ಇಲ್ಲ" ಎನ್ನುವವರೇ ಹೆಚ್ಚು. ರಾತ್ರಿ ಓಡಾಡುವ ಪ್ರಾಣಿ ನಿಮಗೆ ಕಂಡಿಲ್ಲ, ಅಷ್ಟೇ. ಒಂದೇ ರಾತ್ರಿಯಲ್ಲಿ ಕಾಲೊನಿ ಪೂರ್ತಿ ಖಾಲಿಯಾಗುತ್ತದೆ. ಬದುಕುಳಿದ ಹಕ್ಕಿಗಳು ಆ ಜಾಗಕ್ಕೆ ಮತ್ತೆ ಕಾಲಿಡದೆಯೂ ಹೋಗಬಹುದು. ಬ್ಯಾಫಲನ್ನು ಮುಂದಿನ ವರ್ಷ ಹಾಕಿದರಾಯಿತು ಎಂದು ಮುಂದೂಡಬೇಡಿ. ಗೂಬೆ ಕಾಟವಿರುವ ಕಡೆ ಮನೆಯ ಸುತ್ತ ಅಗಲ ಕಣ್ಣಿನ ತಂತಿಬಲೆಯ ಪಂಜರವೂ ಬೇಕಾಗುತ್ತದೆ.

ಹಂತ 4: ಬಾಗಿಲು ತೆರೆಯುವ ಹೊತ್ತು

ಮೊದಲು ಬಂದ ಹಕ್ಕಿಗಳನ್ನು ಜನ "ಸ್ಕೌಟ್" ಎನ್ನುತ್ತಾರೆ. ಉಳಿದವಕ್ಕೆ ಜಾಗ ಹುಡುಕಲು ಬಂದ ಗೂಢಚಾರರು ಎಂಬ ನಂಬಿಕೆ. ಅದು ನಿಜವಲ್ಲ. ಅವು ವಯಸ್ಸಾದ, ಅನುಭವಿ ಹಕ್ಕಿಗಳು, ಕಳೆದ ವರ್ಷದ ತಮ್ಮ ಹಳೆ ಮನೆಗೇ ಹೋಗುವಂಥವು. ನಿಮ್ಮ ಹೊಸ ಮನೆಯನ್ನು ಅವು ಮೂಸಿಯೂ ನೋಡಲಿಕ್ಕಿಲ್ಲ.

ನಿಮ್ಮ ಗಿರಾಕಿಗಳು ಹಿಂದಿನ ಬೇಸಿಗೆಯಲ್ಲಿ ಹುಟ್ಟಿದ ಒಂದು ವರ್ಷದ ಹಕ್ಕಿಗಳು. ಇವನ್ನು ಸಬ್‌ಅಡಲ್ಟ್ ಎನ್ನುತ್ತಾರೆ. ಗಂಡಿಗೂ ಎದೆ, ಹೊಟ್ಟೆ ಇನ್ನೂ ಬೂದು, ಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆ. ಹಳೆ ಕಾಲೊನಿಗಳಲ್ಲಿ ಹಿರಿಯರು ಜಾಗ ಹಿಡಿದಿರುವುದರಿಂದ ಇವು ಹೊಸ ಮನೆ ಹುಡುಕುತ್ತ ಅಲೆಯುತ್ತವೆ. ಇವು ಬರತೊಡಗುವುದು ಹಿರಿಯರಿಗಿಂತ ಸುಮಾರು ನಾಲ್ಕು ವಾರ ತಡವಾಗಿ.

ಹಿರಿಯರು ಫ್ಲೋರಿಡಾ ತಲುಪುವುದು ಜನವರಿಯಲ್ಲಿ. ಹ್ಯೂಸ್ಟನ್ ಕಡೆಗೆ ಜನವರಿ ಕೊನೆ, ಫೆಬ್ರವರಿ. ಉತ್ತರ ಕೆರೊಲಿನಾಕ್ಕೆ ಮಾರ್ಚ್. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಚಿಕಾಗೊ ಸೀಮೆಗೆ ಏಪ್ರಿಲ್. ಮಿನಿಯಾಪೊಲಿಸ್‌ಗೆ ಏಪ್ರಿಲ್ ಮಧ್ಯದ ಮೇಲೆ. ನಿಮ್ಮೂರಿನ ಲೆಕ್ಕಕ್ಕೆ ನಾಲ್ಕು ವಾರ ಸೇರಿಸಿ. ಅಲ್ಲಿಯವರೆಗೆ ಎಲ್ಲ ಬಾಗಿಲಿಗೂ ಬಿರಡೆ ಹಾಕಿಡಿ. ಚಳಿಗಾಲದಲ್ಲೇ ತೆರೆದಿಟ್ಟರೆ ಗುಬ್ಬಚ್ಚಿ, ಸ್ಟಾರ್ಲಿಂಗ್ ಬಂದು ಗೃಹಪ್ರವೇಶ ಮಾಡಿಕೊಂಡು ಕೂತಿರುತ್ತವೆ, ಮಾರ್ಟಿನ್ ಬಂದು ನೋಡಿ ಹಾಗೇ ಮುಂದೆ ಹೋಗುತ್ತದೆ.

ತಡವಾಯಿತೆಂದು ಬೇಗ ಮುಚ್ಚಲೂಬೇಡಿ. ಉತ್ತರದ ರಾಜ್ಯಗಳಲ್ಲಿ ಜೂನ್‌ವರೆಗೂ ಎಳೆಯ ಜೋಡಿಗಳು ಬಂದು ನೆಲೆಯೂರುವುದುಂಟು.

ಹಂತ 5: ಕರೆ ಕಳಿಸುವುದು

ಇಲ್ಲಿ ಹೆಚ್ಚು ಕೆಲಸವಿಲ್ಲ. ಪ್ರತಿ ಬುರುಡೆಯೊಳಗೆ ಒಂದೆರಡು ಇಂಚು ಒಣಹುಲ್ಲು, ಪೈನ್ ಎಲೆ ಅಥವಾ ಸೀಡರ್ ಮರದ ಹೊಟ್ಟು ಹಾಸಿಡಿ. ಕಂಬದ ಮೇಲೆ ಪ್ಲಾಸ್ಟಿಕ್ಕಿನ ಒಂದೆರಡು ಮಾರ್ಟಿನ್ ಬೊಂಬೆ ಕೂರಿಸಬಹುದು, ಇವು ಗುಂಪಿನಲ್ಲಿ ಬಾಳುವ ಹಕ್ಕಿಗಳು.

ಬೊಂಬೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಧ್ವನಿ. ಬೆಳೆದ ಗಂಡು ಬೆಳಕು ಹರಿಯುವ ಮೊದಲೇ ಎತ್ತರಕ್ಕೆ ಹಾರಿ ಹಾಡುತ್ತದೆ. ಅದಕ್ಕೆ "ಡಾನ್‌ಸಾಂಗ್", ನಸುಕಿನ ಹಾಡು, ಎನ್ನುತ್ತಾರೆ. ಅದರ ಧ್ವನಿಮುದ್ರಣ ಸಿಗುತ್ತದೆ. ಸಬ್‌ಅಡಲ್ಟ್ ಬರುವ ವಾರಗಳಲ್ಲಿ ಬೆಳಗಿನ ನಾಲ್ಕೂವರೆಯಿಂದ ಬೆಳಕು ಹರಿಯುವವರೆಗೆ ಸ್ಪೀಕರನ್ನು ಕಂಬದ ಬುಡದಲ್ಲಿ, ಬಾಯಿ ಆಕಾಶಕ್ಕೆ ಮಾಡಿ ಇಟ್ಟು, ಟೈಮರ್ ಹಾಕಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ಅವರಿಗೆ ಇದು ಸುಪ್ರಭಾತವಾಗಿ ಕೇಳಿಸಬೇಕೆಂದಿಲ್ಲ.

ಹಂತ 6: ಗುಬ್ಬಚ್ಚಿಯೊಂದಿಗೆ ಏನು ಮಾಡುವುದು

ನಮ್ಮವರು ಸಿಕ್ಕಿಬೀಳುವುದು ಇಲ್ಲಿ. ಬೆಂಗಳೂರಿನಲ್ಲಿ ಗುಬ್ಬಚ್ಚಿ ಕಾಣೆಯಾಯಿತೆಂದು ಮರುಗುವವರು ನಾವು, ಅದಕ್ಕಾಗಿ ಸೂರಿನಡಿ ಡಬ್ಬ ಕಟ್ಟುವವರು. ಭಾರತದಲ್ಲಿ ಅದು ಸರಿಯೇ, ಅದು ಅಲ್ಲಿನದೇ ಹಕ್ಕಿ. ಇಲ್ಲಿಗೆ ಅದನ್ನು 1850ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟರು. ಸ್ಟಾರ್ಲಿಂಗನ್ನು 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಬಿಟ್ಟರು. ಎರಡೂ ಪೊಟರೆಯಲ್ಲಿ ಗೂಡು ಮಾಡುವಂಥವೇ ಆದ್ದರಿಂದ ಮಾರ್ಟಿನ್‌ಗೆ ನೇರ ಪೈಪೋಟಿ. ಗಂಡು ಗುಬ್ಬಚ್ಚಿ ಒಂದು ಕೋಣೆ ಹಿಡಿದರೆ ಅಷ್ಟಕ್ಕೆ ಸುಮ್ಮನಿರುವುದಿಲ್ಲ. ಅಕ್ಕಪಕ್ಕದ ಗೂಡುಗಳಿಗೆ ನುಗ್ಗಿ ಮೊಟ್ಟೆ ಕುಕ್ಕಿ ಒಡೆಯುತ್ತದೆ, ಎಳೆಮರಿಗಳನ್ನು ಕೊಂದು ಹೊರಗೆಸೆಯುತ್ತದೆ. ಕುಂಕುಮದ ಬೊಟ್ಟಿನಷ್ಟೇ ತೂತು ಬಿದ್ದ ಬಿಳಿ ಮೊಟ್ಟೆ ಕಂಬದ ಕೆಳಗೆ ಸಿಕ್ಕಿದರೆ ಅದು ಯಾರ ಕೆಲಸವೆಂದು ಗೊತ್ತಾಗಿಬಿಡುತ್ತದೆ.

ಕಾನೂನು ಹೀಗಿದೆ. ಅಮೆರಿಕದ 1918ರ ಮೈಗ್ರೇಟರಿ ಬರ್ಡ್ ಟ್ರೀಟಿ ಕಾಯಿದೆಯು ಮಾರ್ಟಿನ್, ಬ್ಲೂಬರ್ಡ್, ಟ್ರೀ ಸ್ವಾಲೋ ಮೊದಲಾದ ದೇಸಿ ಹಕ್ಕಿಗಳಿಗೆ ರಕ್ಷಣೆ ಕೊಡುತ್ತದೆ. ಅವುಗಳ ಮೊಟ್ಟೆಯಿರುವ ಗೂಡನ್ನು ನೀವು ತೆಗೆಯುವಂತಿಲ್ಲ. ಗುಬ್ಬಚ್ಚಿ ಮತ್ತು ಸ್ಟಾರ್ಲಿಂಗ್‌ಗೆ ಆ ಕಾಯಿದೆಯ ರಕ್ಷಣೆ ಇಲ್ಲ. ಅವುಗಳ ಗೂಡು, ಮೊಟ್ಟೆ ತೆಗೆದುಹಾಕಬಹುದು. ಬಹಳ ಲ್ಯಾಂಡ್‌ಲಾರ್ಡ್‌ಗಳು ಬೋನಿನಲ್ಲಿ ಹಿಡಿದು ನೋವಾಗದಂತೆ ಕೊಲ್ಲುತ್ತಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ಅದು ಸಾಧ್ಯವಿಲ್ಲ, ಅದನ್ನು ನಾನು ಒತ್ತಾಯಿಸುವುದೂ ಇಲ್ಲ. ಆದರೆ ಕೊಲ್ಲುವುದಿಲ್ಲ ಎಂದವರು ಈ ಕೆಳಗಿನದನ್ನು ತಪ್ಪದೆ ಮಾಡಬೇಕು.

ಮೊದಲನೆಯದು, ಕಾಳು ಹಾಕುವುದನ್ನು ನಿಲ್ಲಿಸಿ. ಅಗ್ಗದ ಮಿಶ್ರಣದಲ್ಲಿರುವ ಸಿರಿಧಾನ್ಯ, ಒಡೆದ ಜೋಳ, ಬ್ರೆಡ್ಡು ಇವೆಲ್ಲ ಗುಬ್ಬಚ್ಚಿಗೆ ಆಮಂತ್ರಣ ಪತ್ರಿಕೆ. ಊರಿನಿಂದ ಬಂದ ಅಮ್ಮ, ಅತ್ತೆಯವರು ಮಿಕ್ಕ ಅನ್ನವನ್ನು ಡೆಕ್ ಮೇಲೆ ಹಕ್ಕಿಗೆಂದು ಹಾಕುತ್ತಾರೆ. ಬೇಡವೆನ್ನಲು ಬಾಯಿ ಬರುವುದಿಲ್ಲ, ಆದರೂ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹೇಗಾದರೂ ಒಪ್ಪಿಸಿ. ಎರಡನೆಯದು, ಗೂಡು ಕಟ್ಟಲು ಶುರು ಮಾಡಿದ ದಿನವೇ ಕಸ ಎಳೆದುಹಾಕಿ, ಆ ಬಾಗಿಲಿಗೆ ಕೆಲವು ದಿನ ಬಿರಡೆ ಹಾಕಿ. ಮೊಟ್ಟೆಯಿಡುವವರೆಗೆ ಕಾಯಬೇಡಿ. ಕಾಲೊನಿಯಲ್ಲಿ ಆಗಲೇ ಮಾರ್ಟಿನ್ ಮೊಟ್ಟೆಗಳಿದ್ದಾಗ ಗುಬ್ಬಚ್ಚಿಯ ಗೂಡು ಮಾತ್ರ ಕೆಡವಿದರೆ ಸಿಟ್ಟೆದ್ದ ಗಂಡು ಪಕ್ಕದ ಗೂಡುಗಳ ಮೇಲೆ ಬೀಳುವುದುಂಟು. ಆದ್ದರಿಂದ ಈ ಕೆಲಸವೆಲ್ಲ ಋತುವಿನ ಆರಂಭದಲ್ಲೇ ಮುಗಿಯಬೇಕು. ಹಿಡಿದು ದೂರದ ಪಾರ್ಕಿನಲ್ಲಿ ಬಿಟ್ಟುಬರುವುದು ಪರಿಹಾರವಲ್ಲ, ತೊಂದರೆ ಬೇರೆಯವರ ಅಂಗಳಕ್ಕೆ ಹೋಗುತ್ತದೆ, ಅಷ್ಟೇ.

ಗುರುತು ತಪ್ಪಬೇಡಿ. ಗಂಡು ಗುಬ್ಬಚ್ಚಿಗೆ ಗಂಟಲ ಕೆಳಗೆ ಕಪ್ಪು, ನೆತ್ತಿ ಬೂದು. ಹೆಣ್ಣು ಮಣ್ಣುಬಣ್ಣ. ನೋಡಲು ಹೆಚ್ಚೂಕಡಿಮೆ ಹೀಗೇ ಇರುವ ಸಾಂಗ್ ಸ್ಪ್ಯಾರೋ, ಚಿಪ್ಪಿಂಗ್ ಸ್ಪ್ಯಾರೋ ಇಲ್ಲಿನ ದೇಸಿ ಹಕ್ಕಿಗಳು, ಕಾನೂನಿನ ರಕ್ಷಣೆಯಲ್ಲಿವೆ. ಅವು ಪೊಟರೆಗೆ ಬರುವುದೂ ಇಲ್ಲ.

ಟ್ರೀ ಸ್ವಾಲೋ ಅಥವಾ ಬ್ಲೂಬರ್ಡ್ ನಿಮ್ಮ ಬುರುಡೆಗೆ ಬಂದರೆ ಅದೂ ತೊಡಕೇ. ಒಂದು ಜೋಡಿ ಇಡೀ ಕಂಬವನ್ನು ತನ್ನದೆಂದು ಕಾಯುತ್ತದೆ. ಒಂದೇ ಕೋಣೆಯ ಪೆಟ್ಟಿಗೆಯೊಂದನ್ನು ಸ್ವಲ್ಪ ದೂರದಲ್ಲಿ ಕಟ್ಟಿಕೊಡಿ, ಅವು ಅತ್ತ ಸಾಗುವವರೆಗೆ ಬುರುಡೆಗಳ ಬಾಗಿಲು ಮುಚ್ಚಿಡಿ.

ಹಂತ 7: ಬಂದ ಮೇಲೆ

ಹಕ್ಕಿ ಬಂದು ಒಂದು ಸುತ್ತು ಹಾಕಿ, ಜಗಲಿಯ ಮೇಲೆ ಕೂತು, ಹಾರಿಹೋಗಿ ವಾರ ಕಾಣದಿದ್ದರೆ ಎದೆಗುಂದಬೇಡಿ. ಮನೆ ನೋಡುವವರು ನಾಲ್ಕು ಮನೆ ನೋಡುತ್ತಾರೆ. ರಾತ್ರಿ ಅಲ್ಲೇ ತಂಗಲು ತೊಡಗಿದರೆ, ಕಡ್ಡಿ, ಕೆಸರು ತಂದರೆ, ಅದರಲ್ಲೂ ಹಸಿರೆಲೆ ಕಚ್ಚಿ ತಂದು ಒಳಗಿಟ್ಟರೆ ಸಂಸಾರ ಹೂಡಿತೆಂದು ತಿಳಿಯಿರಿ. ಎಲೆ ಹಾಸಿದ ಮೇಲೆ ಮೊಟ್ಟೆ ದೂರವಿಲ್ಲ.

ಸಾಮಾನ್ಯವಾಗಿ 4ರಿಂದ 6 ಮೊಟ್ಟೆ, ಅಚ್ಚ ಬಿಳಿ. ಕಾವು 15–16 ದಿನ. ಮರಿ ಹಾರುವುದು ಸುಮಾರು ನಾಲ್ಕು ವಾರಕ್ಕೆ.

ಐದರಿಂದ ಏಳು ದಿನಕ್ಕೊಮ್ಮೆ ಮನೆಯನ್ನು ಇಳಿಸಿ ಪ್ರತಿ ಕೋಣೆಯನ್ನೂ ನೋಡಿ. ಕೋಣೆಗಳಿಗೆ ನಂಬರು ಹಾಕಿಟ್ಟುಕೊಂಡು, ಮೊಟ್ಟೆ ಎಷ್ಟು, ಮರಿ ಯಾವತ್ತು ಒಡೆಯಿತು ಎಂದು ಬರೆದಿಡಿ. ಮನುಷ್ಯರ ಕೈ ತಾಗಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಮಾರ್ಟಿನ್ ವಿಷಯದಲ್ಲಿ ಅದು ಸುಳ್ಳು. ಕೆಳಗೆ ಬಿದ್ದ ಮರಿಯನ್ನು ಧಾರಾಳವಾಗಿ ಎತ್ತಿ ಅದರ ಗೂಡಿಗೇ ಹಾಕಿ. ಮಳೆ, ಚಳಿ ಇರುವಾಗ ಮಾತ್ರ ಇಳಿಸಬೇಡಿ. ಏರಿಸುವಾಗ ಮೊದಲಿನ ದಿಕ್ಕಿಗೇ ಮುಖ ಮಾಡಿ ನಿಲ್ಲಿಸಿ, ತಿರುಗಿ ನಿಂತರೆ ತಮ್ಮ ಬಾಗಿಲು ಯಾವುದೆಂದು ಹಕ್ಕಿಗಳಿಗೆ ತಿಳಿಯದೆ ಗೊಂದಲವಾಗುತ್ತದೆ.

ಮರಿಗಳಿಗೆ 22 ದಿನ ತುಂಬಿದ ಮೇಲೆ ಆ ಗೂಡನ್ನು ತೆರೆಯಲೇಬೇಡಿ. ಬೆದರಿದ ಮರಿಗಳು ರೆಕ್ಕೆ ಬಲಿಯುವ ಮೊದಲೇ ಹೊರಗೆ ಹಾರಿಬಿಡುತ್ತವೆ. ಇದಕ್ಕಾಗಿಯೇ ಮರಿಯೊಡೆದ ತಾರೀಖು ಬರೆದಿಡಿ ಎಂದದ್ದು. ಗೂಡು ಒದ್ದೆಯಾಗಿದ್ದರೆ, ಉಣ್ಣಿ, ನುಸಿ ಹರಿದಾಡುತ್ತಿದ್ದರೆ ಅದಕ್ಕೆ ಮೊದಲೇ ಹಳೆ ಹಾಸು ತೆಗೆದು ಒಣಗಿದ ಸೀಡರ್ ಹೊಟ್ಟು ಹಾಕಿ. ಕೀಟನಾಶಕ ಪುಡಿ ಉದುರಿಸುವ ಹಳೆಯ ಸಲಹೆಯನ್ನು ಪಾಲಿಸಬೇಡಿ.

ಮೊಟ್ಟೆಯ ಸಿಪ್ಪೆಯನ್ನು ಅವನ್‌ನಲ್ಲಿ ಬಿಸಿಮಾಡಿ, ಪುಡಿಮಾಡಿ ತಟ್ಟೆಯಲ್ಲಿಟ್ಟರೆ ಸುಣ್ಣದ ಅಂಶಕ್ಕಾಗಿ ತಿನ್ನುತ್ತವೆ. ಮೊಟ್ಟೆ ತರದ ಮನೆಯವರು ಅಂಗಡಿಯಲ್ಲಿ ಸಿಗುವ ಸಿಂಪಿ ಚಿಪ್ಪಿನ ಪುಡಿ ಇಡಬಹುದು. ಕಾಳಿನ ಫೀಡರಿನಿಂದ ಇವಕ್ಕೆ ಉಪಯೋಗವಿಲ್ಲ, ಹಾರುವ ಹುಳುವೇ ಇವುಗಳ ಊಟ. 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಚಳಿಯಾದರೆ ಹುಳು ಏಳುವುದಿಲ್ಲ. ಅಂಥ ಹವೆ ಮೂರ್ನಾಲ್ಕು ದಿನ ಹಿಡಿದುಕೊಂಡರೆ ಹಕ್ಕಿಗಳು ಹಸಿವಿನಿಂದ ಸಾಯುತ್ತವೆ. ಬೇಗ ಬರುವ ಹಿರಿಯರಿಗೇ ಈ ಕಂಟಕ ಹೆಚ್ಚು, ಮೊದಲ ವರ್ಷ ನಿಮಗೆ ಆ ಚಿಂತೆ ಅಷ್ಟಾಗಿ ಇರುವುದಿಲ್ಲ.

ಹಂತ 8: ಹಕ್ಕಿ ಬಾರದ ವರ್ಷ, ಹಕ್ಕಿ ಹೋದ ಮೇಲೆ

ಮೊದಲ ವರ್ಷವೇ ಜೋಡಿ ಸಿಕ್ಕವರು ಪುಣ್ಯವಂತರು. ಹಲವರಿಗೆ ಎರಡು ಮೂರು ವರ್ಷ ಹಿಡಿಯುತ್ತದೆ. ಜುಲೈ ಬಂತು, ಯಾರೂ ಬರಲಿಲ್ಲ ಎಂದು ಮನೆಯನ್ನು ಇಳಿಸಿ ಗ್ಯಾರೇಜಿಗೆ ಸೇರಿಸಬೇಡಿ. ಆ ಹೊತ್ತಿಗೆ ಬೇರೆ ಕಡೆ ಹುಟ್ಟಿದ ಎಳೆ ಹಕ್ಕಿಗಳು ಸುತ್ತಮುತ್ತಲ ಮನೆಗಳನ್ನು ನೋಡುತ್ತ ತಿರುಗುತ್ತವೆ. ಈ ಆಗಸ್ಟ್‌ನಲ್ಲಿ ನಿಮ್ಮ ಕಂಬದ ಮೇಲೆ ಕೂತು ಹೋದದ್ದು ಮುಂದಿನ ಮೇ ತಿಂಗಳಿಗೆ ಜೋಡಿಯೊಂದಿಗೆ ಬರಬಹುದು. ಆದ್ದರಿಂದ ಆಗಸ್ಟ್ ಮುಗಿಯುವವರೆಗೆ ಮನೆ ಮೇಲೇ ಇರಲಿ, ಗುಬ್ಬಚ್ಚಿ ಕಾವಲೂ ಸಾಗಲಿ.

ಸೆಪ್ಟೆಂಬರ್‌ನಲ್ಲಿ ಎಲ್ಲ ಇಳಿಸಿ, ಹಳೆ ಹಾಸು ಕಸದ ಚೀಲಕ್ಕೆ ಹಾಕಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಆಗಲೂ ಮಾಸ್ಕ್, ಕೈಗವಸು ಇರಲಿ. ಸೋರೆಬುರುಡೆಯ ಬಣ್ಣ ಎದ್ದಿದ್ದರೆ ಮತ್ತೊಂದು ಕೈ ಬಳಿದು, ಇಲಿ ಹೊಗದ ಕಡೆ ತೂಗುಹಾಕಿ.

ಒಂದು ಜೋಡಿಯಾದರೂ ಮರಿ ಮಾಡಿ ಹೋಗಿದ್ದರೆ ಮುಂದಿನ ವರ್ಷದ ಲೆಕ್ಕ ಬದಲಾಗುತ್ತದೆ. ಹಂತ 4ರಲ್ಲಿ ಹೇಳಿದ ನಾಲ್ಕು ವಾರದ ಕಾಯುವಿಕೆ ನಿಮಗಿನ್ನು ಅನ್ವಯಿಸುವುದಿಲ್ಲ. ನಿಮ್ಮ ಹಕ್ಕಿಗಳು ಈಗ ಹಿರಿಯರ ಸಾಲಿಗೆ ಸೇರಿವೆ, ಬೇಗನೇ ಬರುತ್ತವೆ. ಅವು ನಿಮ್ಮೂರಿಗೆ ಬರುವ ವಾರಕ್ಕೆ ಮೊದಲೇ ಕಂಬ ಸಿದ್ಧವಿರಲಿ, ಬಿರಡೆಗಳನ್ನು ಹಕ್ಕಿ ಕಣ್ಣಿಗೆ ಬಿದ್ದ ದಿನ ತೆಗೆಯಿರಿ.